‘ಸುಮ್ಕೆ ಮನೇಲಿವ್ನಿ’ ಅನ್ನೋ ಮುಂಚೆ...

‘ಏನ್ ಮಾಡ್ಕೊಂಡಿದೀರಾ?’

ಮದುವೆ ಮನೆಯಲ್ಲೋ, ಬಸ್ಸಿನಲ್ಲೋ, ಮಕ್ಕಳ ಸ್ಕೂಲಿನ ಮೀಟಿಂಗಿನಲ್ಲೋ ಯಾರಾದರೂ ಹೀಗೆ ಕೇಳಿದ ತಕ್ಷಣ ನಿಮ್ಮ ಬಾಯಿಂದ ಬರೋ ಉತ್ತರ ಏನು? ‘ಏನಿಲ್ಲ, ಸುಮ್ನೆ ಮನೇಲಿದೀನಿ’ ಅಂತ ತಾನೆ? ಮೈಸೂರಿನ ಬಡಾವಣೆಯ ಗೃಹಿಣಿ ಹೇಳೋದು ಹೀಗೆ. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಕಡೆಗೆ ಬಂದರೆ ಅದೇ ಮಾತು ‘ಸುಮ್ಕೆ ಮನೇಲಿವ್ನಿ ಕಣಕ್ಕ’ ಆಗುತ್ತೆ. ಮಾತಿನ ಧಾಟಿ ಬೇರೆ, ಹಿಂದಿರುವ ಸಂಕೋಚ ಒಂದೇ. ಹೇಳುವಾಗ ಸೆರಗು ಸರಿ ಮಾಡಿಕೊಳ್ಳೋದು, ಮಾತು ಬೇರೆ ಕಡೆಗೆ ತಿರುಗಿಸೋದು, ಪಕ್ಕದಲ್ಲಿ ಟೀಚರೋ ನರ್ಸೋ ಕೂತಿದ್ದರೆ ಇನ್ನೂ ಒಂದಿಷ್ಟು ಕುಗ್ಗೋದು...

ಆ ‘ಸುಮ್ಕೆ’ ಅನ್ನೋ ಪುಟ್ಟ ಪದ ಇದೆಯಲ್ಲ, ಕೀಳರಿಮೆ ಮನೆ ಮಾಡಿಕೊಂಡಿರೋದು ಅದರೊಳಗೇ. ನಮ್ಮನ್ನು ನಾವು ಒಪ್ಪಿಕೊಳ್ಳಬೇಕು, ನಮ್ಮ ಬಗ್ಗೆ ನಮಗೇ ಪ್ರೀತಿ ಇರಬೇಕು ಅಂತ ಎಲ್ಲರೂ ಹೇಳ್ತಾರೆ. ಕೇಳೋದಕ್ಕೂ ಚೆನ್ನಾಗಿರುತ್ತೆ. ಆದರೆ ಕನ್ನಡಿ ಮುಂದೆ ನಿಂತು ‘ನಾನು ಚೆಂದ, ನಾನು ಜಾಣೆ’ ಅಂತ ಹತ್ತು ಸಲ ಹೇಳಿಕೊಂಡರೆ ಅದು ಬಂದುಬಿಡುತ್ತಾ? ನನಗಂತೂ ನಂಬಿಕೆಯಿಲ್ಲ. ಮೊದಲು ನಿಮ್ಮ ಬಗ್ಗೆ ನೀವು ಹೇಳಿಕೊಳ್ಳುತ್ತಿರೋದು ನಿಜವೋ ಸುಳ್ಳೋ ಅಂತ ನೋಡಿಕೊಳ್ಳಬೇಕು. ಎಷ್ಟೋ ಸಲ ಅದು ಅಪ್ಪಟ ಸುಳ್ಳಾಗಿರುತ್ತೆ.

ಬೇಕಿದ್ದರೆ ರಾವಂದೂರಿನ ಸುತ್ತಲಿನ ಯಾವುದಾದರೂ ಹೊಗೆಸೊಪ್ಪಿನ ಮನೆಯನ್ನೇ ತಗೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಈ ಭಾಗದಲ್ಲೆಲ್ಲ ಹೊಗೆಸೊಪ್ಪೇ ಕಾಸು ತರೋ ಬೆಳೆ. (ಅದು ಒಳ್ಳೇ ಬೆಳೆಯೋ ಕೆಟ್ಟ ಬೆಳೆಯೋ ಅನ್ನೋ ಚರ್ಚೆ ಇನ್ನೊಂದು ವಾರಕ್ಕಿರಲಿ.) ಮುಂಗಾರಿಗೆ ಸಸಿ ನೆಡಬೇಕು. ಜುಲೈ, ಆಗಸ್ಟ್ ಹೊತ್ತಿಗೆ ಬುಡದ ಎಲೆ ಹಣ್ಣಾಗೋದಕ್ಕೆ ಶುರು. ಹಣ್ಣಾದ ಎಲೆಯನ್ನಷ್ಟೇ ಮುರಿಯಬೇಕು, ಒಂದೆರಡು ದಿನ ಹೆಚ್ಚೂಕಮ್ಮಿ ಆದರೂ ಬಣ್ಣ ಕೆಡುತ್ತೆ. ಮುರಿದ ಎಲೆಯನ್ನು ಅವತ್ತೇ ಕಡ್ಡಿಗೆ ದಾರದಲ್ಲಿ ಕಟ್ಟಬೇಕು. ಒತ್ತೊತ್ತಾಗಿ ಕಟ್ಟಿದರೆ ಬ್ಯಾರನ್‌ನೊಳಗೆ ಕೊಳೆಯುತ್ತೆ, ತೀರಾ ಬಿಡಿಯಾಗಿ ಕಟ್ಟಿದರೆ ಜಾಗ ಸಾಲದು. ಆ ಅಂತರ ಅಳೆಯೋದಕ್ಕೆ ಟೇಪೂ ಇಲ್ಲ, ಸ್ಕೇಲೂ ಇಲ್ಲ. ಬೆರಳೇ ಅಳತೆ. ಹೆಚ್ಚಾಗಿ ಹೆಂಗಸರ ಬೆರಳು.

ಆಮೇಲೆ ಸುಮಾರು ಒಂದು ವಾರ ಬ್ಯಾರನ್‌ಗೆ ಬೆಂಕಿ. ರಾತ್ರಿಯಲ್ಲಿ ಎದ್ದೆದ್ದು ಸೌದೆ ಒಟ್ಟಬೇಕು, ಶಾಖ ಒಂದೇ ಸಮನೆ ಏರದ ಹಾಗೆ ನೋಡಿಕೊಳ್ಳಬೇಕು. ಸೊಪ್ಪು ಇಳಿಸಿದ ಮೇಲೆ ಹಜಾರದ ತುಂಬಾ ಹರಡಿಕೊಂಡು ಗ್ರೇಡಿಂಗ್. ಬುಡದ ಎಲೆ, ನಡುವಿನ ಎಲೆ, ತುದಿ ಎಲೆ ಬೇರೆ ಬೇರೆ. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆ ಬಣ್ಣದ್ದು ಇನ್ನೊಂದು ಕಡೆ, ಚುಕ್ಕೆ ಬಿದ್ದಿದ್ದು, ಹಸಿರು ಉಳಿದಿದ್ದು ಮತ್ತೊಂದು ಕಡೆ. ಎಲೆ ತೀರಾ ಒಣಗಿದ್ದರೆ ಮುಟ್ಟಿದರೆ ಪುಡಿ, ತೇವ ಹೆಚ್ಚಿದ್ದರೆ ಬೇಲ್ ಒಳಗೆ ಬೂಸ್ಟು. ಬೆರಳಲ್ಲಿ ಮುಟ್ಟಿ ಆ ಹದ ಹೇಳಬೇಕು. ಹರಾಜಿನ ಕಟ್ಟೆಯಲ್ಲಿ ಕೆಜಿಗೆ ಎಷ್ಟು ರೂಪಾಯಿ ಅಂತ ತೀರ್ಮಾನ ಆಗೋದು ಇದೇ ಬಣ್ಣ, ಇದೇ ಹದದ ಮೇಲೆ. ಕಂಪಲಾಪುರದ್ದೋ ಕಗ್ಗುಂಡಿಯದ್ದೋ ಹರಾಜು ಮಾರುಕಟ್ಟೆಗೆ ಬೇಲ್ ಜೊತೆ ಹೋಗೋರು ಸಾಮಾನ್ಯವಾಗಿ ಗಂಡಸರು. ಚೀಟಿ ಬರೋದು ಅವರ ಕೈಗೆ. ಮನೆಯಲ್ಲಿ ಕೂತು ಸೊಪ್ಪು ಆರಿಸಿದ ಹೆಂಗಸಿಗೆ ಸಂಜೆ ಗೊತ್ತಾಗೋದು ಇಷ್ಟೇ: ‘ಪರವಾಗಿಲ್ಲ, ರೇಟು ಬಂತು’.

ಇಷ್ಟರ ಮಧ್ಯೆ ಬೆಳಿಗ್ಗೆ ಡೇರಿಗೆ ಹಾಲು, ಮಕ್ಕಳಿಗೆ ಡಬ್ಬಿ, ಅತ್ತೆಗೆ ಮಾತ್ರೆ, ಕೂಲಿಯಾಳುಗಳಿಗೆ ಮುದ್ದೆ-ಸಾರು. ಅವರನ್ನೇ ಹೋಗಿ ಕೇಳಿ ನೋಡಿ.

‘ಸುಮ್ಕೆ ಮನೇಲಿವ್ನಿ ಕಣಕ್ಕ’!

ಪಟ್ಟಣದ ಓದುಗರೇ, ನಗಬೇಡಿ. ಹೊಗೆಸೊಪ್ಪಿನ ಜಾಗದಲ್ಲಿ ಟಿಫನ್ ಬಾಕ್ಸ್, ಹೋಮ್‌ವರ್ಕ್, ಮಾವನವರ ಬಿ.ಪಿ., ಗ್ಯಾಸ್ ಬುಕಿಂಗ್, ನೆಂಟರ ಊಟ ಅಂತ ಬರೆದುಕೊಂಡರೆ ಅದು ನಿಮ್ಮ ಕಥೆಯೂ ಹೌದು. ಕೇಂದ್ರ ಸರ್ಕಾರ 2024ರಲ್ಲಿ ಜನರ ದಿನಚರಿಯ ಸಮೀಕ್ಷೆ ನಡೆಸಿತ್ತು. ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಅನ್ನೋ ಲೆಕ್ಕ ಅದು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಅದೇ ಕೆಲಸಕ್ಕೆ ಕೈಹಾಕಿದ ಗಂಡಸರು ಕೊಟ್ಟಿದ್ದು 88 ನಿಮಿಷ. 289 ನಿಮಿಷ ಅಂದರೆ ಹೆಚ್ಚೂಕಮ್ಮಿ ಐದು ಗಂಟೆ. ಹೊಲದ ಕೆಲಸ ಇದರಲ್ಲಿ ಸೇರಿಲ್ಲ. ಐದು ಗಂಟೆ ಯಾರಾದರೂ ‘ಸುಮ್ಕೆ’ ಇರ್ತಾರಾ ಹೇಳಿ!

ಮೈಯನ್ನು ಬೈಯೋ ಮುಂಚೆ

ಇಷ್ಟೇ ಆಗಿದ್ದರೆ ಬರೀ ಮಾತಿನ ವಿಷಯ ಅಂತ ಬಿಡಬಹುದಿತ್ತು. ಆದರೆ ತನ್ನನ್ನು ತಾನು ಕಡಿಮೆ ಅಂದುಕೊಂಡ ಹೆಣ್ಣು ಮೈಗೆ ಏನಾದರೂ ಆದಾಗಲೂ ಮೊದಲು ಬೈಯೋದು ತನ್ನನ್ನೇ. ಭಯ ಇರೋದು ಅಲ್ಲಿ.

ಮಳೆಗಾಲದಲ್ಲಿ ಸೊಪ್ಪು ಮುರಿದು ಬಂದ ದಿನ ಸಂಜೆ ಹೊಟ್ಟೆ ತೊಳಸುತ್ತೆ, ತಲೆ ಸುತ್ತುತ್ತೆ, ವಾಂತಿ ಆಗುತ್ತೆ. ಊಟ ಸೇರೋಲ್ಲ, ರಾತ್ರಿ ನಿದ್ದೆ ಇಲ್ಲ. ‘ನನ್ ಮೈಯೇ ಸರಿ ಇಲ್ಲ, ಬೇರೆಯೋರೆಲ್ಲ ಗಟ್ಟಿಯಾಗವ್ರೆ’ ಅಂತ ಹೊಸದಾಗಿ ಮದುವೆಯಾಗಿ ಬಂದ ಸೊಸೆ ಒಳಗೊಳಗೇ ಅಂದುಕೊಳ್ಳುತ್ತಾಳೆ. ಮನೆಯವರೂ ‘ಕೆಲಸಕ್ಕೆ ಬಗ್ಗೋಲ್ಲ’ ಅಂತ ಒಂದು ಮಾತು ಸೇರಿಸಿಬಿಟ್ಟರೆ ಮುಗಿದೇ ಹೋಯ್ತು.

ನಿಜ ಏನು ಗೊತ್ತಾ? ಇದು ಮೈಯ ದೋಷ ಅಲ್ಲ. ಹಸಿ ಹೊಗೆಸೊಪ್ಪಿನಲ್ಲಿರೋ ನಿಕೋಟಿನ್ ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತೆ. ಮಂಜು, ಮಳೆ, ಬೆವರಿನಿಂದ ಎಲೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಲೋಕದಲ್ಲಿ ಎಲ್ಲೆಲ್ಲಿ ಹೊಗೆಸೊಪ್ಪು ಬೆಳೀತಾರೋ ಅಲ್ಲೆಲ್ಲ ಸೊಪ್ಪು ಮುರಿಯೋರಿಗೆ ಈ ಕಾಯಿಲೆ ಬರುತ್ತೆ, ಬೀಡಿ ಸಿಗರೇಟು ಮುಟ್ಟದವರಿಗೂ ಬರುತ್ತೆ. ಹೊಸಬರಿಗೆ ಬೇಗ ತಟ್ಟುತ್ತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ‘ಹೊಗೆಸೊಪ್ಪು ಮುರಿದಿದ್ದೆ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮುಂದಿನ ಸಲ ಎಲೆಯ ನೀರು ಆರಿದ ಮೇಲೆ ಕೆಲಸಕ್ಕೆ ಇಳಿಯಿರಿ, ಕೈತುಂಬಾ ತೋಳಿನ ಅಂಗಿ ಮತ್ತು ನೀರು ಇಳಿಯದ ಕೈಗವಸು ಹಾಕಿ. ಬಟ್ಟೆ ನೆನೆದರೆ ಸಂಜೆ ತನಕ ಕಾಯದೆ ಬದಲಾಯಿಸಿ, ಸೋಪಿನಲ್ಲಿ ಕೈಕಾಲು ತೊಳೆಯಿರಿ. ಬಸುರಿಯರಂತೂ ಹಸಿ ಸೊಪ್ಪಿನ ಹತ್ತಿರ ಹೋಗಲೇಬಾರದು. ಇದನ್ನು ಮನೆಯವರಿಗೆ ಓದಿ ಹೇಳಿ, ಸಂಕೋಚ ಬೇಡ.

ಇನ್ನೊಂದು ಇದೇ ಥರದ್ದು ‘ಸೋಮಾರಿತನ’. ಎದ್ದರೆ ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಯಾವ ಕೆಲಸಕ್ಕೂ ಮನಸ್ಸಿಲ್ಲ. ‘ನಾನೇ ಸೋಮಾರಿ ಆಗ್ಬಿಟ್ಟಿದೀನಿ’ ಅಂತ ಎಷ್ಟು ಜನ ಅಂದುಕೊಂಡಿಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹತ್ತಿರ ಹತ್ತಿರ ಅರ್ಧ! ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ (ಬಸುರಿಯರಿಗಾದರೆ 11) ರಕ್ತ ಕಮ್ಮಿ ಅಂತಲೇ ಅರ್ಥ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿಂದ ಒಂದು ಹನಿ ರಕ್ತ ಕೊಟ್ಟರೆ ಗೊತ್ತಾಗುತ್ತೆ. ಕಬ್ಬಿಣಾಂಶದ ಮಾತ್ರೆ ಅಲ್ಲೇ ಸಿಗುತ್ತೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆಗುತ್ತೆ. ಆದರೆ ಮಾತ್ರೆ ನುಂಗಿ ಅದರ ಮೇಲೆ ಕಾಫಿ ಕುಡಿಯಬೇಡಿ, ಕಬ್ಬಿಣಾಂಶ ಮೈಗೆ ಹತ್ತೋಲ್ಲ. ನಿಂಬೆಹಣ್ಣಿನ ಪಾನಕ ಆದರೆ ಒಳ್ಳೇದು. ಸೋಮಾರಿ ಅಂತ ನಿಮಗೆ ನೀವೇ ಹಣೆಪಟ್ಟಿ ಹಚ್ಚಿಕೊಳ್ಳುವ ಮೊದಲು ಆ ಒಂದು ಹನಿ ರಕ್ತ ಕೊಟ್ಟು ಬನ್ನಿ.

ಮನಸ್ಸಿನ ವಿಷಯದಲ್ಲೂ ಹೀಗೇ. ‘ಶರಪಂಜರ’ ಸಿನಿಮಾ ನೋಡದ ಕನ್ನಡದ ಹೆಣ್ಣುಮಕ್ಕಳು ಕಡಿಮೆ. ಮನಃಶಾಸ್ತ್ರ ಓದಿಕೊಂಡಿದ್ದ ಮೈಸೂರಿನ ಲೇಖಕಿ ತ್ರಿವೇಣಿ (1928-1963) ಬರೆದ ಕಾದಂಬರಿ ಅದು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು. ನಾಯಕಿ ಕಾವೇರಿಗೆ ಹೆರಿಗೆಯಾದ ಮೇಲೆ ಮನಸ್ಸಿನ ಕಾಯಿಲೆ ಬರುತ್ತೆ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೂ ಬರ್ತಾಳೆ. ಆದರೆ ಗಂಡನಾಗಲಿ, ಸುತ್ತಲಿನವರಾಗಲಿ ಅವಳನ್ನು ಗುಣವಾದವಳು ಅಂತ ನೋಡೋದೇ ಇಲ್ಲ. ಕಲ್ಪನಾ ಅಭಿನಯ ನೋಡಿ ಅತ್ತವರೆಲ್ಲ ಆ ಮನೆಯವರನ್ನು ಬೈದಿದ್ದೇ ಬೈದಿದ್ದು. ಅದೇ ನಮ್ಮ ಮನೆಯಲ್ಲಿ ಬಾಣಂತಿಯೊಬ್ಬಳು ಕಾರಣವಿಲ್ಲದೆ ಅಳ್ತಾ ಕೂತರೆ, ಮಗುವನ್ನು ಎತ್ತಿಕೊಳ್ಳೋದಕ್ಕೂ ಮನಸ್ಸಾಗದಿದ್ದರೆ ನಾವೇನಂತೀವಿ? ‘ತಾಯಿ ಆದವಳು ಹೀಗಾ ಇರೋದು?’ ಅವಳೂ ಅದನ್ನೇ ನಂಬಿ, ತಾನು ಕೆಟ್ಟ ತಾಯಿ ಅಂತ ಕೊರಗ್ತಾಳೆ. ಹೆರಿಗೆಯಾದ ಮೇಲೆ ಒಂದೆರಡು ವಾರ ಮನಸ್ಸು ಮುದುಡೋದು ತುಂಬಾ ಜನಕ್ಕೆ ಇರುತ್ತೆ. ಎರಡು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಬಾಣಂತಿಗೆ ಭ್ರಮೆ ಶುರುವಾದರೆ, ತನಗೋ ಮಗುವಿಗೋ ಏನಾದರೂ ಮಾಡಿಬಿಡ್ತೀನಿ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಊರಲ್ಲಿ ಯಾರಿಗೂ ಹೇಳಿಕೊಳ್ಳೋಕೆ ಆಗೋಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಬಣ್ಣದ ಬಗ್ಗೆ ಎರಡೇ ಮಾತು. ದಶಕಗಟ್ಟಲೆ ‘ಬೆಳ್ಳಗಿದ್ದರೆ ಚೆಂದ’ ಅಂತ ಹೇಳಿಕೊಂಡೇ ಮಾರಾಟವಾದ ‘ಫೇರ್ ಅಂಡ್ ಲವ್ಲಿ’ಯೇ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ ಅಂಡ್ ಲವ್ಲಿ’ ಆಯಿತು. ಕಂಪನಿಯೇ ಬಿಟ್ಟ ಮಾತನ್ನು ನಾವ್ಯಾಕೆ ಹಿಡ್ಕೊಂಡು ಕೂರೋದು? ಇನ್ನು ಮೊಬೈಲಿನ ಸ್ಟೇಟಸ್ ನೋಡಿ ಹೊಟ್ಟೆ ಉರಿಸಿಕೊಳ್ಳೋದು. ಓರಗಿತ್ತಿ ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಫೋಟೊ ಹಾಕಿದ್ದಾಳೆ ಅಂತಿಟ್ಟುಕೊಳ್ಳಿ. ಸಾಲದ ಕಂತಿನ ಫೋಟೊ ಯಾರೂ ಹಾಕೋಲ್ಲ. ಎಲ್ಲರ ಮನೆ ದೋಸೆಯೂ ತೂತೇ!

ಹಾಗಾದ್ರೆ ನನ್ನ ತಪ್ಪೇ ಇಲ್ವಾ?

ಇದೆ. ಯಾಕಿರೋಲ್ಲ? ಕೆಲವು ತಪ್ಪು ನಮ್ಮದೇ ಇರುತ್ತೆ. ಗಂಡನ ಮೇಲಿನ ಸಿಟ್ಟನ್ನು ಮಗುವಿನ ಬೆನ್ನ ಮೇಲೆ ತೀರಿಸೋದು, ಸಂಘದ ಸಾಲ ತಗೊಂಡು ಕಂತಿನ ದಿನ ತಪ್ಪಿಸಿಕೊಂಡು ಓಡಾಡೋದು, ಅವರಿವರ ಮನೆ ಸುದ್ದಿಯಲ್ಲಿ ಮಧ್ಯಾಹ್ನ ಕಳೆಯೋದು. ‘ನಾನಿರೋದೇ ಹೀಗೆ, ಒಪ್ಕೊಂಡ್ಬಿಟ್ಟಿದೀನಿ’ ಅಂತ ಇದಕ್ಕೆಲ್ಲ ಸಮಾಧಾನ ಹೇಳಿಕೊಂಡರೆ ಅದು ಒಪ್ಪಿಕೊಳ್ಳೋದಲ್ಲ, ನುಣುಚಿಕೊಳ್ಳೋದು. ನಿಕೋಟಿನ್‌ನಿಂದ ಬಂದ ವಾಂತಿ ನಿಮ್ಮ ತಪ್ಪಲ್ಲ, ಮಗುವಿಗೆ ಹೊಡೆದಿದ್ದು ನಿಮ್ಮದೇ. ಬೇಡದ ಹೊರೆ ಇಳಿಸಿದರೆ ನಿಜವಾದ ತಪ್ಪು ತಿದ್ದಿಕೊಳ್ಳೋದಕ್ಕೆ ತ್ರಾಣ ಉಳಿಯುತ್ತೆ. ಎಲ್ಲದಕ್ಕೂ ತನ್ನನ್ನೇ ಬೈದುಕೊಳ್ಳೋಳಿಗೆ ಯಾವುದನ್ನೂ ತಿದ್ದೋಕಾಗೋಲ್ಲ, ಎಲ್ಲಿಂದ ಶುರು ಮಾಡೋದು ಅಂತಲೇ ತೋಚೋಲ್ಲ.

ಹಾಗಾದರೆ ಶುರು ಎಲ್ಲಿಂದ? ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಿಂದ ಶುರು ಮಾಡಿ. ಒಂದು ವಾರ, ದಿನಾ ಮಲಗೋ ಮುಂಚೆ ಅವತ್ತು ಮಾಡಿದ್ದನ್ನು ಬರೆಯಿರಿ. ‘ಮನೆಗೆಲಸ’ ಅಂತ ಒಂದೇ ಪದದಲ್ಲಿ ಮುಗಿಸಬೇಡಿ. ಎಷ್ಟು ಕಡ್ಡಿ ಕಟ್ಟಿದಿರಿ, ಎಷ್ಟು ಲೀಟರ್ ಹಾಲು ಹಾಕಿದಿರಿ, ಎಷ್ಟು ಜನಕ್ಕೆ ಮುದ್ದೆ ಕಟ್ಟಿದಿರಿ, ಅಂಕಿ ಬರಲಿ. ಬರೆಯೋದಕ್ಕೆ ಬರದಿದ್ದರೆ ಮಕ್ಕಳ ಕೈಲಿ ಬರೆಸಿ, ಅಮ್ಮ ಏನು ಮಾಡ್ತಾಳೆ ಅಂತ ಅವರಿಗೂ ಗೊತ್ತಾಗುತ್ತೆ. ಪಕ್ಕದಲ್ಲೇ ಇನ್ನೊಂದು ಸಾಲು: ಇವತ್ತು ನನ್ನನ್ನು ನಾನು ಯಾವುದಕ್ಕೆ ಬೈಕೊಂಡೆ? ಅದು ನಿಜವಾಗಿ ನನ್ನ ತಪ್ಪಾ, ಸುಸ್ತಾ, ಬೇರೆಯವರ ಮಾತಾ? ವಾರ ಕಳೆದ ಮೇಲೆ ಓದಿ ನೋಡಿ. ಬೈಗುಳದಲ್ಲಿ ಎಷ್ಟು ಉಳಿಯುತ್ತೆ, ಎಷ್ಟು ಉದುರುತ್ತೆ ಅಂತ ನಿಮಗೇ ಕಾಣುತ್ತೆ.

ಹರಾಜು ಮುಗಿದ ದಿನ ಚೀಟಿ ಕೇಳಿ ಇಸ್ಕೊಂಡು ನೋಡಿ. ಜಗಳಕ್ಕಲ್ಲ. ನೀವು ಆರಿಸಿದ ಯಾವ ಗ್ರೇಡಿಗೆ ಎಷ್ಟು ಬಂತು ಅಂತ ತಿಳಿದರೆ ಮುಂದಿನ ವಾರ ಇನ್ನೂ ಚೆನ್ನಾಗಿ ಆರಿಸಬಹುದು, ಮನೆಗೇ ಲಾಭ. ಹೀಗೆ ಹೇಳಿದರೆ ಕೊಡೋಲ್ಲ ಅನ್ನೋ ಗಂಡಂದಿರು ಕಡಿಮೆ. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗೋರಾದರೆ ಎಷ್ಟು ದಿನ ಹೋದೆ, ಎಷ್ಟು ಬಂತು, ಎಷ್ಟು ಬಾಕಿ ಅನ್ನೋದು ಅದೇ ನೋಟ್‌ಬುಕ್ಕಿನಲ್ಲಿರಲಿ. ಹಾಗೇ ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ ಅಂತಲೂ ಒಮ್ಮೆ ಹುಡುಕಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಪಡೆದ ‘ಗೃಹಲಕ್ಷ್ಮಿ’ ಹಣ ಬಂದಿದ್ದೂ ಯಜಮಾನಿಯ ಖಾತೆಗೇ. ಕಾರ್ಡಿನಲ್ಲಿ ಯಜಮಾನಿ, ಬಾಯಲ್ಲಿ ‘ಸುಮ್ಕೆ ಮನೇಲಿವ್ನಿ’ ಅಂದರೆ ಹೊಂದುತ್ತಾ?

ಇನ್ನೊಂದು ಮುಖ್ಯ ವಿಷಯ. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡು ಜನಗಣತಿ ಅಂತ ಸರ್ಕಾರ 2025ರಲ್ಲೇ ಆದೇಶ ಹೊರಡಿಸಿದೆ. 2011ರ ಗಣತಿಯಲ್ಲಿ ಕೂಲಿ ಪಡೆಯದೆ ಸ್ವಂತ ಹೊಲದಲ್ಲಿ ದುಡಿಯೋರನ್ನೂ ಕೆಲಸಗಾರರು ಅಂತಲೇ ಲೆಕ್ಕ ಹಾಕಬೇಕಿತ್ತು. ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದರೆ ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. ಬರೀ ಮನೆಗೆಲಸ ಅಂದವರು ಮಾತ್ರ ಕೆಲಸ ಮಾಡದವರ ಪಟ್ಟಿಗೆ. ಆದರೆ ಗಣತಿಯವರು ಬರೆದುಕೊಳ್ಳೋದು ಬಾಗಿಲಲ್ಲಿ ನಿಂತು ನಾವು ಹೇಳಿದ್ದನ್ನು ತಾನೆ? ನೀವು ಒಳಗೆ ಒಲೆ ಮುಂದಿದ್ದಾಗ ಗಂಡ ‘ಅವ್ಳು ಮನೇಲೇ ಅವ್ಳೆ’ ಅಂದರೆ ಮುಗೀತು. ಈ ಸಲ ಸೆರಗಿಗೆ ಕೈ ಒರೆಸಿಕೊಂಡು ನೀವೇ ಹೊರಗೆ ಬನ್ನಿ. ‘ಹೊಲದ ಕೆಲಸ ಮಾಡ್ತೀನಿ, ವರ್ಷಕ್ಕೆ ಇಷ್ಟು ತಿಂಗಳು. ಹಸು ಕಟ್ಟಿದೀನಿ, ಡೇರಿಗೆ ಹಾಲು ಹಾಕ್ತೀನಿ’ ಅಂತ ಹೇಳಿ. ನೋಟ್‌ಬುಕ್ ಬರೆದಿದ್ದರೆ ಹೇಳೋದು ಇನ್ನೂ ಸಲೀಸು.

ಇದನ್ನೆಲ್ಲ ಶುರು ಮಾಡಿದ ಮೇಲೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತೆ, ಮೊದಲೇ ಹೇಳಿಬಿಡ್ತೀನಿ. ‘ಏನವ್ವಾ, ಬಾರಿ ಲೆಕ್ಕ ಇಡ್ತಿದ್ದೀಯಲ್ಲ? ನಾವೇನು ಮಾಡಿಲ್ವಾ ಇದ್ನೆಲ್ಲ?’ ಹೆಚ್ಚಾಗಿ ಅತ್ತೆಯ ಬಾಯಿಂದ. ಸಿಟ್ಟು ಮಾಡಿಕೊಳ್ಳಬೇಡಿ, ಅವರು ಹೇಳ್ತಿರೋದು ನಿಜ. ಅವರೂ ಮಾಡಿದ್ದಾರೆ, ನಿಮಗಿಂತ ಜಾಸ್ತಿಯೇ ಮಾಡಿರಬಹುದು, ನಲ್ಲಿ ನೀರು, ಗ್ಯಾಸು, ಮಿಕ್ಸಿ ಒಂದೂ ಇಲ್ಲದ ಕಾಲದಲ್ಲಿ. ಅವರನ್ನು ಯಾರೂ ಕೇಳಿಲ್ಲ ಅಷ್ಟೇ. ಸಂಜೆ ಸೊಪ್ಪು ಕಟ್ತಾ ಕೂತಾಗ ನೀವೇ ಕೇಳಿ: ‘ಅತ್ತೆಮ್ಮ, ನಿಮ್ ಕಾಲ್ದಲ್ಲಿ ದಿನಕ್ಕೆ ಎಷ್ಟು ಕಡ್ಡಿ ಕಟ್ತಿದ್ರಿ?’ ಮೊದಲು ‘ಅಯ್ಯೋ, ಅದ್ಯಾಕೆ ಬುಡು’ ಅಂತಾರೆ. ಎರಡನೇ ಸಲ ಕೇಳಿ. ಬೆರಳು ಮಡಿಸಿ ಎಣಿಸೋಕೆ ಶುರು ಮಾಡ್ತಾರೆ. ಆ ಲೆಕ್ಕವನ್ನೂ ಅದೇ ನೋಟ್‌ಬುಕ್ಕಿನಲ್ಲಿ ಅವರ ಹೆಸರು ಹಾಕಿ ಬರೆದಿಡಿ.